ಶಿರಸಿ ಪೇಟೆಯ 'ಹಾರ್ಟ್ ಪುಡಿ': ರುಚಿಗೆ ನಾಲ್ಕು ಸ್ಟಾರ್, ಚೀಟಿಗೆ ಸೊನ್ನೆ

ಯಾವ ಮದುವೆ ಮನೆಗೆ ಹೋದ್ರೂ ಊಟದ ಪಂಕ್ತಿಯಲ್ಲಿ ಒಬ್ರಾದ್ರೂ ಕೇಳ್ತಾರೆ, "ಆ ಹಾರ್ಟ್ ಪುಡಿ ಹೆಂಗಿದ್ದೋ, ನಿಮ್ಮನೇಲಿ ತಂದಿದ್ರಡ ಅಲ್ದಾ" ಅಂತ. ಒಬ್ಬೊಬ್ರಿಗೆ ಹೇಳಿ ಹೇಳಿ ಸಾಕಾಯ್ತು, ಅದ್ಕೇ ಹಾರ್ಟ್ ಕಾಯಿಲೆಗೆ ಅಂತ ಮಾರೋ ಈ ನಾರು-ಬೇರಿನ ಪುಡಿ ಬಗ್ಗೆ ಒಂದ್ಸಲ ಪೂರ್ತಿ ಬರೆದು ಹಾಕ್ತಿದ್ದೇನೆ. ಅಂಗಡಿ ಹೆಸ್ರು ಹಾಕೂದಿಲ್ಲ, ಯಾಕಂದ್ರೆ ಇದೇ ಥರದ ಪುಡಿ ಕುಮಟಾದಲ್ಲೂ ಸಿಗ್ತದೆ, ಕಾರವಾರದಲ್ಲೂ ಸಿಗ್ತದೆ, ಒಬ್ರ ಮೇಲೆ ಹಾಕಿ ಎಂತ ಉಪಯೋಗ. ಶಿರಸಿ ಪೇಟೆಯ ಒಂದು ಹಳೇ ನಾರು-ಬೇರಿನ ಅಂಗಡಿ ಅಂದ್ಕೊಳ್ಳಿ, ಗೊತ್ತಿದ್ದೋರಿಗೆ ಗೊತ್ತಾಗ್ತದೆ.

ಅಂಗಡಿ ಮಾತ್ರ ಚೊಲೋ ಇದೆ ಮಾರಾಯ್ರೆ, ಅದ್ರಲ್ಲಿ ಎರಡು ಮಾತಿಲ್ಲ. ಒಳಗೆ ಕಾಲಿಟ್ರೆ ಲವಂಚ, ಕಚೋರ, ಹಿಪ್ಪಲಿ ಎಲ್ಲ ಸೇರಿ ಒಂದು ವಾಸನೆ, ಗೋಣಿಚೀಲದಲ್ಲಿ ಅಳಲೆಕಾಯಿ, ತಾರೆಕಾಯಿ, ಒಣಗಿಸಿದ ಉಪ್ಪಾಗೆ, ಮುರುಗಲು ಸಿಪ್ಪೆ. ಕಷಾಯದ ಪುಡಿ ಅವ್ರೇ ಹುರಿದು ಮಾಡ್ತಾರೆ, ಕೊತ್ತಂಬರಿ-ಜೀರಿಗೆ ಹದ ನಮ್ಮನೆ ಆಯಿ ಮಾಡಿದ್ದಕ್ಕಿಂತ ಒಂದು ಕೈ ಮೇಲೇ ಅನ್ಬೇಕು (ಇದನ್ನ ಆಯಿ ಓದೂದಿಲ್ಲ ಅನ್ನೋ ಧೈರ್ಯ). ತೂಕ ಸರಿ ಇರ್ತದೆ, ಹುಳ ಬಿದ್ದ ಮಾಲು ಕೊಡೂದಿಲ್ಲ, ಮುದುಕರಿಗೆ ಕೂತ್ಕೊಳ್ಳೋಕೆ ಬೆಂಚು ಕೊಡ್ತಾರೆ.

ನನ್ನ ತಕರಾರು ಇರೂದು ಕೌಂಟರ್ ಮೇಲೆ ಪಿರಮಿಡ್ ಥರ ಜೋಡಿಸಿಟ್ಟ ಒಂದೇ ಒಂದು ಮಾಲಿನ ಬಗ್ಗೆ. ಪ್ಲಾಸ್ಟಿಕ್ ಪ್ಯಾಕೆಟ್, ಕಾಲು ಕೇಜಿ ಇರ್ಬೋದು, ಬಾಯಿಗೆ ಸ್ಟೇಪ್ಲರ್ ಪಿನ್ನು, ಒಳಗೆ ಪುಡಿ ಮೇಲೇನೇ ಮಡಚಿಟ್ಟ ಜೆರಾಕ್ಸ್ ಚೀಟಿ. ಚೀಟಿಯಲ್ಲಿ ಬಾಣ ಚುಚ್ಚಿದ ಹಾರ್ಟು (ಲಗ್ನಪತ್ರಿಕೆ ಮಾಡೋ ಪ್ರೆಸ್ಸಲ್ಲಿ ಮಾಡ್ಸಿದ್ರೋ ಏನೋ), ಕೆಳಗೆ 'ಬ್ಲಾಕೇಜ್, ಬಿಪಿ, ಕೊಲೆಸ್ಟ್ರಾಲ್‌ಗೆ ಶೇಕಡಾ ನೂರು ನೈಸರ್ಗಿಕ, ಸೈಡ್ ಎಫೆಕ್ಟ್ ಇಲ್ಲ, ಬೆಳಿಗ್ಗೆ ರಾತ್ರಿ ಒಂದು ಚಮಚ'. ಮುಗೀತು. ಒಳಗೆ ಎಂತ ಹಾಕಿದ್ದು, ಯಾರು ಮಾಡಿದ್ದು, ಯಾವಾಗ ಮಾಡಿದ್ದು, ಲೈಸೆನ್ಸ್ ನಂಬರು, ಬ್ಯಾಚ್ ನಂಬರು, ಒಂದೂ ಇಲ್ಲ.

ರುಚಿ ಹೇಳ್ತೇನೆ, ರಿವ್ಯೂ ಅಂದ್ಮೇಲೆ ಅದೂ ಬೇಕಲ್ಲ. ನೀರಿಗೆ ಹಾಕಿ ಅರ್ಧಕ್ಕೆ ಇಳಿಯೋ ತನಕ ಕುದಿಸಿದ್ರೆ ಅಡಿಕೆ ಬೇಯಿಸಿದ ಚೊಗರಿನ ಬಣ್ಣ ಬರ್ತದೆ. ಬಾಯಿಗೆ ಹಾಕಿದ ತಕ್ಷಣ ಒಗರು, ನಾಲಿಗೆ ಎಳೆದ ಹಾಗೆ ಆಗ್ತದೆ, ಆಮೇಲೆ ಶುಂಠಿ ಖಾರ ಗಂಟಲಲ್ಲಿ, ಕೊನೆಗೆ ಒಂದು ಸಿಹಿ ಉಳೀತದೆ. ಬೆಲ್ಲ ಹಾಕ್ದೇ ಸಿಹಿ. ಅಪ್ಪಯ್ಯಂಗೆ ಹಿಡಿಸಿದ್ದೇ ಆ ಸಿಹಿ. ಶುಗರ್ ಇದ್ದ ಮನುಷ್ಯ, ಬೆಲ್ಲ ಬಿಟ್ಟು ವರ್ಷಗಟ್ಟಲೆ ಆಗಿತ್ತು, ಇದು ಸಕ್ಕರೆ ಅಲ್ಲದ ಸಿಹಿ ಅಂತ ಎರಡು ಚಮಚದ ಬದ್ಲು ಮೂರು ಹಾಕ್ಕೊಂಡು ಕುಡಿಯೋಕೆ ಶುರು ಮಾಡಿದ್ರು. "ಕುಡದ್ರೆ ಎದೆ ಹಗುರ ಆಗ್ತು" ಅಂತ ಬಂದೋರ ಹತ್ರ ಎಲ್ಲ ಪ್ರಚಾರ ಬೇರೆ.

ಆ ಸಿಹಿ ಎಂತದು ಅಂತ ಆಮೇಲೆ ಗೊತ್ತಾಯ್ತು, ಜ್ಯೇಷ್ಠಮಧು. ಅಂಗಡಿಯವ್ರನ್ನೇ ಕೇಳಿದ್ದು. "ಹೊಳೆಮತ್ತಿ ಚಕ್ಕೆ, ಜ್ಯೇಷ್ಠಮಧು, ಶುಂಠಿ, ಮತ್ತೆ ಒಂದೆರಡು ಬೇರು ಇದ್ದು, ಅದು ಹೇಳೂಲೆ ಬತ್ತಿಲ್ಲೆ ತಮಾ, ಅಜ್ಜನ ಕಾಲದ್ದು" ಅಂದ್ರು. ನಾನು "ಮಾತ್ರೆ ತಗಳೋರಿಗೆ ತೊಂದ್ರೆ ಇಲ್ವಾ" ಅಂದೆ. "ಎಂತದೂ ಆಗ್ತಿಲ್ಲೆ, ನಾರು-ಬೇರು ಅಲ್ದಾ ಇದು" ಅಂತ ನಗಾಡಿ ಮುಂದಿನ ಗಿರಾಕಿಗೆ ಪೊಟ್ಟಣ ಕಟ್ಟಿದ್ರು. ಒಂದೆರಡು ಬೇರು, ಹೇಳೂಕೆ ಬರೂದಿಲ್ಲ, ಆದ್ರೆ ತೊಂದ್ರೆ ಇಲ್ಲ ಅನ್ನೂದು ಮಾತ್ರ ಗೊತ್ತು!

ಅಪ್ಪಯ್ಯನ ಮಾತ್ರೆ ಡಬ್ಬಿ ಹೇಳ್ತೇನೆ. ಸ್ಟೆಂಟ್ ಆದ್ಮೇಲೆ ರಕ್ತ ತೆಳು ಇರೋಕೆ ಆಸ್ಪಿರಿನ್, ಕ್ಲೋಪಿಡೋಗ್ರೆಲ್, ಕೊಲೆಸ್ಟ್ರಾಲಿಗೆ ಅಟೋರ್ವಾಸ್ಟಾಟಿನ್, ಬಿಪಿ-ಎದೆಬಡಿತ ಇಳಿಸೋಕೆ ಮೆಟೊಪ್ರೊಲಾಲ್, ಮತ್ತೆ ಬೆಳಿಗ್ಗೆ ಮೂತ್ರ ಹೋಗೋ ಮಾತ್ರೆ, ಫ್ಯುರೊಸೆಮೈಡ್. ಹಾರ್ಟ್ ಪೇಶೆಂಟ್ ಇರೋ ಹೆಚ್ಚಿನ ಮನೆಗಳ ಡಬ್ಬಿ ಸುಮಾರು ಹೀಗೇ ಇರ್ತದೆ. ಈಗ ಜ್ಯೇಷ್ಠಮಧು ಎಂತ ಮಾಡ್ತದೆ ನೋಡಿ. ಅದರ ಸಿಹಿಗೆ ಕಾರಣ ಗ್ಲಿಸಿರೈಜಿನ್ ಅನ್ನೋ ಅಂಶ. ಅದು ಜಾಸ್ತಿ ದಿವಸ, ಜಾಸ್ತಿ ಪ್ರಮಾಣದಲ್ಲಿ ಒಳಗೆ ಹೋದ್ರೆ ಮೈಯಲ್ಲಿ ಉಪ್ಪು-ನೀರು ನಿಲ್ತದೆ, ಪೊಟ್ಯಾಶಿಯಂ ಮೂತ್ರದಲ್ಲಿ ಹೋಗ್ತದೆ, ಬಿಪಿ ಏರ್ತದೆ. ಫ್ಯುರೊಸೆಮೈಡ್ ಕೂಡ ಪೊಟ್ಯಾಶಿಯಂ ಕಳಿಯೋ ಮಾತ್ರೆನೇ. ಅಂದ್ರೆ ನೀರು ಹೊರಗೆ ಹಾಕೋಕೆ ಒಂದು ಮಾತ್ರೆ, ನೀರು ನಿಲ್ಸೋಕೆ ಒಂದು ಪುಡಿ, ಪೊಟ್ಯಾಶಿಯಂ ಮಾತ್ರ ಎರಡೂ ಕಡೆಯಿಂದ ಖಾಲಿ. ಪೊಟ್ಯಾಶಿಯಂ ಇಳಿದ್ರೆ ಎದೆ ಬಡಿತದ ತಾಳ ತಪ್ತದೆ, ಡಿಗಾಕ್ಸಿನ್ ಅನ್ನೋ ಹಾರ್ಟ್ ಮಾತ್ರೆ ತಗೊಳ್ಳೋರಾದ್ರೆ ಅದೇ ಡೋಸು ವಿಷ ಆಗೂ ಸಾಧ್ಯತೆ ಜಾಸ್ತಿ.

ನಮ್ಮನೇಲಿ ಗೊತ್ತಾಗಿದ್ದು ಅಪ್ಪಯ್ಯನ ಚಪ್ಪಲಿಯಿಂದ. ಪಟ್ಟಿ ಬಿಗಿ ಆಗ್ತು ಅಂದ್ರು, ನೋಡಿದ್ರೆ ಪಾದ ಬಾತಿದೆ, ಹೆಬ್ಬೆರಳಲ್ಲಿ ಒತ್ತಿದ್ರೆ ಗುಳಿ ಬಿದ್ದು ಹಾಗೇ ನಿಲ್ತಿತ್ತು. ಬಿಪಿ ಮಷಿನ್ ಸುಳ್ಳು ಹೇಳ್ತು ಅಂತ ಸೆಲ್ಲು ಬದಲಾಯಿಸಿದ್ರು, ಸೆಲ್ಲು ಹೊಸದಾದ್ರೂ ನಂಬರು ಹಳೇದೇ. ಹುಬ್ಬಳ್ಳಿ ಡಾಕ್ಟ್ರು ಪೊಟ್ಯಾಶಿಯಂ ಟೆಸ್ಟ್ ಬರ್ಕೊಟ್ರು, ಕಡಿಮೆ ಬಂತು. ಅವ್ರು ಕೇಳಿದ ಪ್ರಶ್ನೆ, "ಮಾತ್ರೆ ಬಿಟ್ಟು ಬೇರೆ ಎಂತ ತಗೊಳ್ತೀರಿ?" ಅಪ್ಪಯ್ಯ ನೇರ "ಎಂತೂ ಇಲ್ಲೆ" ಅಂದ್ರು. ಸುಳ್ಳು ಹೇಳೂಕೆ ಅಲ್ಲ, ಕಷಾಯ ನಮ್ಮ ಕಡೆ ಚಾ ಬದ್ಲು ಕುಡಿಯೂದು, ಅದನ್ನೂ ಡಾಕ್ಟ್ರಿಗೆ ಹೇಳ್ಬೇಕು ಅಂತ ಅವ್ರ ತಲೆಗೇ ಹೋಗಿಲ್ಲ. ಆಯಿ ಚೀಲದಿಂದ ಪ್ಯಾಕೆಟ್ ತೆಗೆದು ಟೇಬಲ್ ಮೇಲೆ ಇಟ್ಟಳು, ಡಾಕ್ಟ್ರು ಚೀಟಿ ಆಚೆ ಈಚೆ ತಿರುಗಿಸಿ ನೋಡಿದ್ರು, ಹಿಂದೆನೂ ಎಂತ ಇಲ್ಲ. ಪುಡಿ ನಿಲ್ಸಿ ಅಂದ್ರು, ನಿಂತ್ಮೇಲೆ ಬಾವು ಇಳೀತು, ಬಿಪಿನೂ ದಾರಿಗೆ ಬಂತು. ಪುಡಿಯಿಂದಲೇ ಆಗಿರೂ ಸಾಧ್ಯತೆ ಜಾಸ್ತಿ ಅಂದ್ರು, ಒಳಗೆ ಇನ್ನೂ ಎಂತೆಂತ ಇದೆ ಅಂತ ಗೊತ್ತಿಲ್ದೆ ಅದಕ್ಕಿಂತ ಗಟ್ಟಿಯಾಗಿ ಹೇಳೂಕೆ ಅವ್ರಿಗೂ ಬರೂದಿಲ್ಲ.

ಹೊಳೆಮತ್ತಿ ವಿಷ್ಯ ಬೇರೆ ಇದೆ. ಹೊಳೆಮತ್ತಿ ಅಂದ್ರೆ ಅರ್ಜುನ, ಹೃದಯಕ್ಕೆ ಒಳ್ಳೇದು ಅಂತ ಆಯುರ್ವೇದದಲ್ಲಿ ಹಾಲಿನಲ್ಲಿ ಕಾಸಿ ಕೊಡೂದು ಹಿಂದಿನಿಂದ ಇದೆ, ಅದರ ಮೇಲೆ ಸಣ್ಣಪುಟ್ಟ ಅಧ್ಯಯನಗಳೂ ಆಗಿವೆ, ಬಿಪಿ ಸ್ವಲ್ಪ ಇಳಿಸೋ ಗುಣ ಇರ್ಬೋದು ಅಂತಾರೆ. ಹಾಗಿದ್ರೆ ಬಿಪಿ ಮಾತ್ರೆ ಜೊತೆ ಸೇರಿ ಇನ್ನಷ್ಟು ಇಳೀಬೋದು ಅನ್ನೂದನ್ನೂ ಲೆಕ್ಕಕ್ಕೆ ಹಿಡೀಬೇಕಲ್ಲ. ಆದ್ರೆ ಅಂಗಡಿ ಮೂಲೆಯ ಗೋಣಿಯಲ್ಲಿದ್ದ ಚಕ್ಕೆ ನೋಡಿ ನಂಗೆ ಅನುಮಾನ ಬಂತು. ಒಂದು ತುಂಡು ಕೇಳಿ ತಂದು, ಇಲ್ಲೇ ಫಾರೆಸ್ಟ್ರಿ ಕಾಲೇಜಲ್ಲಿ ಓದಿದ ದೋಸ್ತಂಗೆ ತೋರಿಸ್ದೆ. ಹೊಳೆಮತ್ತಿ ತೊಗಟೆ ಹೊರಗಡೆ ನುಣ್ಣಗೆ, ಬೂದು-ಬಿಳಿ, ಹಾಳೆ ಹಾಳೆಯಾಗಿ ಬಿಡ್ತದೆ. ಈ ತುಂಡು ಕಪ್ಪಗೆ, ಮೊಸಳೆ ಬೆನ್ನಿನ ಹಾಗೆ ಚೌಕ ಚೌಕ ಒಡೆದಿತ್ತು. "ಇದು ಕರಿಮತ್ತಿ ಮಾರಾಯ, ನಿಮ್ ಬೆಟ್ಟದಲ್ಲೇ ಬೇಕಾದಷ್ಟು ಇದ್ದಲಾ" ಅಂದ. ನಿಜವೇ, ಸೊಪ್ಪಿನ ಬೆಟ್ಟ ಇದ್ದ ನಮ್ಮ ಕಡೆಯವ್ರಿಗೆ ಮತ್ತಿ ಮರ ಹೊಸದಲ್ಲ, ದರಕು-ಸೊಪ್ಪು ತರೂದೇ ಅದರ ಬುಡದಿಂದ. ಅಂದ್ರೆ ಚೀಟಿಯಲ್ಲಿ ಬರೆಯದ ಮಾಲು ಒಂದು ಕಡೆ, ಬಾಯಲ್ಲಿ ಹೇಳಿದ ಮಾಲೂ ಅದೇ ಹೌದೋ ಅಲ್ವೋ ಅನ್ನೂದು ಇನ್ನೊಂದು ಕಡೆ. ಅಂಗಡಿಯವ್ರು ಮೋಸ ಮಾಡ್ತಾರೆ ಅಂತ ನಾನು ಹೇಳೂದಿಲ್ಲ, ಅವ್ರಿಗೆ ತಂದ್ಕೊಡೋರು ಯಾರೋ ಕಾಡಿನಿಂದ ಕೆತ್ಕೊಂಡು ಬರ್ತಾರೆ, ಪುಡಿ ಆದ್ಮೇಲೆ ಬ್ರಹ್ಮ ಬಂದ್ರೂ ಕಣ್ಣಲ್ಲಿ ನೋಡಿ ಹೇಳೂಕಾಗೂದಿಲ್ಲ.

ಅದೇ ಕೌಂಟರಲ್ಲಿ ಒಂದು ಬಾಟ್ಲಿನೂ ಇದೆ, ಅದಕ್ಕೂ ಎರಡು ಮಾತು. ಬೆಳ್ಳುಳ್ಳಿ ರಸ, ಶುಂಠಿ ರಸ, ನಿಂಬೆ, ಆಪಲ್ ಸೈಡರ್ ವಿನೆಗರ್, ಜೇನುತುಪ್ಪ. ವಾಟ್ಸಾಪಲ್ಲಿ 'ಬೈಪಾಸ್ ಬೇಡ' ಅಂತ ವರ್ಷಕ್ಕೊಂದ್ಸಲ ತಿರುಗಿ ಬರೋ ಅದೇ ಐಟಂ. ಜೋನಿಬೆಲ್ಲ ನೆಕ್ಕೋ ಹುಡುಗ್ರೂ ನೆಕ್ತಾರೆ, ರುಚಿ ಹಾಗಿದೆ. ಪಾರ್ಟ್ಸ್ ಎಂತ ಅಂತ ಗೊತ್ತಿರೂದ್ರಿಂದ ಇದು ಪುಡಿಗಿಂತ ವಾಸಿ. ಆದ್ರೆ ನಮ್ಮ ದೊಡ್ಡಾಯಿಗೆ ವಾಲ್ವ್ ಆಪರೇಷನ್ ಆಗಿದೆ, ಅವ್ರು ರಕ್ತ ಹೆಪ್ಪುಗಟ್ಟದ ಹಾಗೆ ಅಸಿಟ್ರೋಮ್ ತಗೊಳ್ತಾರೆ, ಐಎನ್ಆರ್ ಅಂತ, ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ಬೇಕು ಅಂತ ನೋಡೋ ಟೆಸ್ಟ್ ಮಾಡ್ಸಿ ಡೋಸು ಅರ್ಧ-ಕಾಲು ಲೆಕ್ಕದಲ್ಲಿ ಹೊಂದಿಸ್ಕೊಳ್ಳೋರು. ಅವ್ರ ಸೊಸೆ ಈ ಬಾಟ್ಲಿ ತಗೊಂಡು ಹೋಗೂದು ನೋಡಿ ನಾನೇ ಫೋನ್ ಮಾಡಿ ಬೇಡ ಅಂದೆ. ಒಗ್ಗರಣೆಗೆ ನಾಲ್ಕು ಎಸಳು ಬೆಳ್ಳುಳ್ಳಿ, ತಂಬುಳಿಗೆ ಒಂದು ತುಂಡು ಶುಂಠಿ, ಅದಕ್ಕೆಲ್ಲ ಯಾರೂ ಹೆದರೂದು ಬೇಡ. ರಸ ಹಿಂಡಿ ದಿನಾ ಕುಡಿಯೂದು, ಕ್ಯಾಪ್ಸೂಲ್ ನುಂಗೂದು ಬೇರೆ. ಬೆಳ್ಳುಳ್ಳಿಗೆ ರಕ್ತದ ಪ್ಲೇಟ್ಲೆಟ್ ಅಂಟ್ಕೊಳ್ಳದ ಹಾಗೆ ಮಾಡೋ ಗುಣ ಇದೆ, ಆಸ್ಪಿರಿನ್ ಮಾಡೂದೂ ಅದನ್ನೇ. ಜಾಸ್ತಿ ಆದ್ರೆ ವಸಡಲ್ಲಿ ರಕ್ತ, ಮೈಮೇಲೆ ನೀಲಿ ಕಲೆ, ಹೊಟ್ಟೆ ಒಳಗೇ ರಕ್ತ ಹೋದ್ರೆ ಮಲ ಕಪ್ಪಗೆ ಆಗ್ತದೆ. ಆಪರೇಷನ್ ಮುಂಚೆ ಡಾಕ್ಟ್ರು ಬೆಳ್ಳುಳ್ಳಿ ಕ್ಯಾಪ್ಸೂಲ್ ಇದ್ರೆ ಮೊದ್ಲೇ ನಿಲ್ಸಿ ಅನ್ನೂದು ಇದಕ್ಕೇ.

ದೊಡ್ಡಾಯಿ ಆಮೇಲೆ ಹೆದ್ರಿ ಹರಿವೆ, ಬಸಳೆ ಎಲ್ಲ ಬಿಟ್ಟು ಕೂತಿದ್ರು, ಅದೂ ಸರಿಯಲ್ಲ. ಸೊಪ್ಪಲ್ಲಿ ವಿಟಮಿನ್ ಕೆ ಇರ್ತದೆ, ಅಸಿಟ್ರೋಮ್, ಅದೇ ಜಾತಿಯ ವಾರ್ಫರಿನ್ ಮಾತ್ರೆ ಕೆಲಸಕ್ಕೆ ಅದು ಎದುರು ನಿಲ್ತದೆ, ಹೌದು. ಆದ್ರೆ ದಿನಾ ಸುಮಾರು ಒಂದೇ ಅಳತೆಯಲ್ಲಿ ತಿಂದ್ರೆ ಡೋಸು ಅದಕ್ಕೆ ಹೊಂದ್ಕೊಳ್ತದೆ, ಒಂದು ವಾರ ಬಸಳೆ ಹಬ್ಬ ಮಾಡಿ ಇನ್ನೊಂದು ವಾರ ಉಪವಾಸ ಮಾಡಿದ್ರೆ ಐಎನ್ಆರ್ ಮೇಲೆ ಕೆಳಗೆ ಆಗ್ತದೆ.

"ನೈಸರ್ಗಿಕ, ಸೈಡ್ ಎಫೆಕ್ಟ್ ಇಲ್ಲ" ಅನ್ನೋ ಸಾಲು ನೋಡಿದ್ರೆ ನಂಗೆ ಸಿಟ್ಟು ಬರೂದು ಆಯುರ್ವೇದದ ಮೇಲೆ ಸಿಟ್ಟಿದ್ದು ಅಲ್ಲ. ಗಿಡದಲ್ಲಿ ಶಕ್ತಿ ಇದೆ ಅಂತ ನಂಬೋನು ನಾನು, ಆ ಸಾಲು ಬರೆದೋರಿಗೇ ನಂಬಿಕೆ ಇಲ್ಲ. ಡಿಗಾಕ್ಸಿನ್ ಬಂದಿದ್ದೇ ಫಾಕ್ಸ್‌ಗ್ಲೋವ್ ಅನ್ನೋ ಹೂವಿನ ಗಿಡದ ಜಾತಿಯಿಂದ, ಇಂಗ್ಲೆಂಡಿನ ವಿಲಿಯಂ ವಿದರಿಂಗ್ ಅನ್ನೋ ಡಾಕ್ಟ್ರು ಆ ಗಿಡದ ಎಲೆ ಕೊಟ್ಟ ಅನುಭವ 1785ರಲ್ಲೇ ಪುಸ್ತಕ ಮಾಡಿ, ಡೋಸು ಜಾಸ್ತಿ ಆದ್ರೆ ಎಂತೆಂತ ಆಗ್ತದೆ ಅಂತಲೂ ಬರೆದಿದ್ರು. ನಮ್ಮ ಸರ್ಪಗಂಧದ ಬೇರು ಬಿಪಿ ಇಳಿಸ್ತದೆ ಅಂತ ಮುಂಬೈನ ಡಾಕ್ಟ್ರು ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಬರೆದ್ರು, 1952ರಲ್ಲಿ ಅದೇ ಬೇರಿನಿಂದ ರೆಸರ್ಪಿನ್ ಬೇರ್ಪಡಿಸಿದ್ರು, ಪ್ರಪಂಚ ಇಡೀ ಬಿಪಿಗೆ ಕೊಟ್ರು. ಆ ಬೇರನ್ನೇ ಯಾರೋ ಗುಟ್ಟಾಗಿ ಪುಡಿಯಲ್ಲಿ ಸೇರಿಸಿದ್ರೆ, ಮೆಟೊಪ್ರೊಲಾಲ್ ತಗೊಳ್ಳೋ ಮನುಷ್ಯಂಗೆ ನಾಡಿ ಬಡಿತ ಮತ್ತಷ್ಟು ಇಳೀಬೋದು, ಎದ್ದು ನಿಂತ್ರೆ ತಲೆ ಸುತ್ತಿ ಬೀಳ್ಬೋದು, ಮನಸ್ಸಿಗೂ ಮಂಕು ಹಿಡೀಬೋದು. ಅಂಗಳದ ಬೇಲಿ ಸಾಲಿನ ಕಣಗಿಲೆ ಗೊತ್ತಲ್ಲ, ದೇವರಿಗೆ ಕೊಯ್ಯೂದು, ಅದರಲ್ಲೂ ಹೃದಯದ ಮೇಲೆ ಡಿಗಾಕ್ಸಿನ್ ಥರಾನೇ ಕೆಲಸ ಮಾಡೋ ವಿಷ ಇದೆ, ಒಂದೆರಡು ಬೀಜ ತಿಂದು ಜೀವಕ್ಕೆ ಕುತ್ತಾದವ್ರಿದ್ದಾರೆ. 'ಒಂದೆರಡು ಬೇರು, ಹೇಳೂಲೆ ಬತ್ತಿಲ್ಲೆ' ಅನ್ನೋ ಮಾತು ನಂಗೆ ತಮಾಷೆ ಅನ್ಸದೇ ಇದ್ದಿದ್ದು ಇದಕ್ಕೇ.

ಇನ್ನು ಅಂಗಡಿಯಲ್ಲಿ ಕೊಲೆಸ್ಟ್ರಾಲಿಗೆ ಅಂತ ಗುಗ್ಗುಳದ ಗುಳಿಗೆ ಬೇರೆ ತೋರಿಸ್ತಾರೆ. ಅದನ್ನ 2003ರಲ್ಲಿ ಅಮೆರಿಕದಲ್ಲಿ ಸರಿಯಾಗಿ ಪರೀಕ್ಷೆ ಮಾಡಿದ್ರು, ಕೆಟ್ಟ ಕೊಲೆಸ್ಟ್ರಾಲ್ ಇಳಿಯೋ ಬದ್ಲು ಸ್ವಲ್ಪ ಏರಿತ್ತು, ಕೆಲವ್ರಿಗೆ ಮೈಯಲ್ಲಿ ದದ್ದು. ಮೇಲಿಂದ ಬಿಪಿ-ಹಾರ್ಟಿಗೆ ಕೊಡೋ ಡಿಲ್ಟಿಯಾಜೆಮ್, ಪ್ರೊಪ್ರನೊಲಾಲ್ ಮಾತ್ರೆ ರಕ್ತಕ್ಕೆ ಸೇರೂದನ್ನ ಗುಗ್ಗುಳ ಕಡಿಮೆ ಮಾಡ್ತದೆ. ಅಮೆರಿಕದಿಂದ ಬಂದ ಭಾವ ಪ್ರೀತಿಯಿಂದ ಕೊಲೆಸ್ಟ್ರಾಲಿಗೆ ಅಂತ ತಂದ ರೆಡ್ ಯೀಸ್ಟ್ ರೈಸ್ (ಹುದುಗಿಸಿದ ಕೆಂಪಕ್ಕಿ) ಕ್ಯಾಪ್ಸೂಲ್ ಕೂಡ ಮನೇಲಿತ್ತು, ಅದರೊಳಗಿರೂ ಮೊನಾಕೊಲಿನ್ ಕೆ ಅಂದ್ರೆ ಕೊಲೆಸ್ಟ್ರಾಲ್ ಮಾತ್ರೆ ಲೋವಾಸ್ಟಾಟಿನ್ನೇ, ಅಟೋರ್ವಾಸ್ಟಾಟಿನ್ ಜೊತೆ ತಗೊಂಡ್ರೆ ಒಂದೇ ಜಾತಿ ಮಾತ್ರೆ ಎರಡು ನುಂಗಿದ ಲೆಕ್ಕ, ಮೈಕೈ ನೋವಿಂದ ಶುರು ಆಗಿ ಸ್ನಾಯು ಕರಗೋವರೆಗೂ ಹೋಗ್ಬೋದು. ಭಾವಂಗೆ ಬೇಜಾರಾಗ್ಬಾರ್ದು ಅಂತ ಡಬ್ಬಿ ಶೋಕೇಸಲ್ಲಿ ಇಟ್ಟಿದ್ದೇವೆ.

ಚಕ್ಕೋತದ ಬಗ್ಗೆ ಹೇಳಿದ್ರೆ ಯಾರೂ ನಂಬೂದಿಲ್ಲ. ಗ್ರೇಪ್‌ಫ್ರೂಟ್ ಅದರ ಅಣ್ಣ-ತಮ್ಮ. ಕೆನಡಾದಲ್ಲಿ ಡೇವಿಡ್ ಬೇಯ್ಲಿ ಅನ್ನೋರ ತಂಡ ಬಿಪಿ ಮಾತ್ರೆ ಮತ್ತೆ ಹೆಂಡದ ಮೇಲೆ ಪ್ರಯೋಗ ಮಾಡ್ವಾಗ ಹೆಂಡದ ರುಚಿ ಗೊತ್ತಾಗ್ಬಾರ್ದು ಅಂತ ಗ್ರೇಪ್‌ಫ್ರೂಟ್ ರಸದಲ್ಲಿ ಬೆರೆಸಿದ್ರು, ನೋಡಿದ್ರೆ ಫೆಲೋಡಿಪಿನ್ ಮಾತ್ರೆ ರಕ್ತದಲ್ಲಿ ಎಣಿಸಿದ್ದಕ್ಕಿಂತ ಎಷ್ಟೋ ಪಟ್ಟು ಏರಿತ್ತು, 1989ರಲ್ಲಿ ಪ್ರಕಟ ಆಯ್ತು. ಕರುಳಲ್ಲಿ ಮಾತ್ರೆ ಒಡೆಯೋ ಕಿಣ್ವವನ್ನ ಹಣ್ಣು ಕಟ್ಟಿ ಹಾಕ್ತದೆ, ಅದರ ಪ್ರಭಾವ ಮಾರನೇ ದಿನಕ್ಕೂ ಉಳೀತದೆ, ಹಾಗಾಗಿ ಬೆಳಿಗ್ಗೆ ಹಣ್ಣು ರಾತ್ರಿ ಮಾತ್ರೆ ಅನ್ನೋ ಉಪಾಯ ನಡಿಯೂದಿಲ್ಲ. ಆ ಅಂಶ ಚಕ್ಕೋತದಲ್ಲೂ ಇದೆ. ಸಿಮ್ವಾಸ್ಟಾಟಿನ್, ಅಟೋರ್ವಾಸ್ಟಾಟಿನ್ ತಗೊಳ್ಳೋರು ಮನೆ ಹಿಂದಿನ ಮರ ಇದೆ ಅಂತ ದಿನಾ ಒಂದೊಂದು ಸುಲಿಯೂ ಮುಂಚೆ ಡಾಕ್ಟ್ರನ್ನ ಕೇಳಿ.

ಈಗ ಹೊಗಳೂ ಪಾಳಿ. ಇದೇ ಶಿರಸಿಯಲ್ಲಿ ಒಬ್ರು ಬಿಎಎಂಎಸ್ ಓದಿದ ಆಯುರ್ವೇದ ಡಾಕ್ಟ್ರಿದ್ದಾರೆ, ಅಪ್ಪಯ್ಯ ಅಲ್ಲೂ ಹೋಗಿ "ಎದೆಗೆ ಎಂತಾದ್ರೂ ಕೊಡಿ" ಅಂದ್ರು. ಅವ್ರು ನಾಡಿ ನೋಡೂ ಮುಂಚೆ ಮಾತ್ರೆ ಚೀಟಿ ತನ್ನಿ ಅಂದ್ರು, ಸಾಲು ಸಾಲಾಗಿ ಓದಿದ್ರು, ಕಿಡ್ನಿ ಹೆಂಗಿದೆ ಅಂತ ಹೇಳೋ ಕ್ರಿಯಾಟಿನಿನ್ ರಿಪೋರ್ಟ್ ಕೇಳಿದ್ರು, ಆಮೇಲೆ "ಹೆಗಡೇರೆ, ನಿಮಗೆ ಈಗ ನಾನು ಎಂತದೂ ಕೊಡೂದಿಲ್ಲ, ಸಂಜೆ ತೋಟದವರೆಗೆ ನಡ್ಕೊಂಡು ಹೋಗಿ ಬನ್ನಿ, ಉಪ್ಪಿನಕಾಯಿ ಕಡಿಮೆ ಮಾಡಿ" ಅಂತ ಕಳಿಸಿದ್ರು. ಫೀಸೂ ತಗೊಂಡಿಲ್ಲ. ಅಪ್ಪಯ್ಯಂಗೆ ಸಮಾಧಾನ ಇಲ್ಲ, "ಔಷಧಿನೇ ಕೊಡದ ಪಂಡಿತ ಎಂತ ಪಂಡಿತ" ಅಂತ ದಾರಿ ಇಡೀ ಗೊಣಗಾಟ, ಉಪ್ಪಿನಕಾಯಿ ಬಿಡಿ ಅಂದಿದ್ದೇ ಮುಖ್ಯ ಸಿಟ್ಟು. ನನ್ನ ಕಡೆಯಿಂದ ಐದಕ್ಕೆ ಐದು.

ಕಾಯ್ದೆ ವಿಷ್ಯನೂ ಗೊತ್ತಿರ್ಲಿ. ವೈದ್ಯರು ತಮ್ಮ ರೋಗಿಯನ್ನ ನೋಡಿ ತಾವೇ ಮಾಡಿ ಕೊಡೂದು ಬೇರೆ ಲೆಕ್ಕ, ಕೌಂಟರಲ್ಲಿ ಪ್ಯಾಕೆಟ್ ಮಾಡಿ ಬಂದೋರಿಗೆಲ್ಲ ಮಾರೋ ಆಯುರ್ವೇದ ಔಷಧಿಗೆ ಲೈಸೆನ್ಸ್ ಬೇಕು, ಲೇಬಲ್ ಮೇಲೆ ಒಳಗಿನ ಪದಾರ್ಥ, ಬ್ಯಾಚ್, ತಯಾರಾದ ದಿನ, ವಿಳಾಸ ಇರ್ಬೇಕು. ಹೃದಯದ ಕಾಯಿಲೆ, ಬಿಪಿ ವಾಸಿ ಮಾಡ್ತೇವೆ ಅಂತ ಜಾಹೀರಾತು ಮಾಡೂದನ್ನ 1954ರ ಡ್ರಗ್ಸ್ ಆಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆಯೇ ತಡೀತದೆ, ಎರಡೂ ಅದರ ಪಟ್ಟಿಯಲ್ಲಿವೆ. ಲೈಸೆನ್ಸ್ ಇದ್ದ ಮಾತ್ರಕ್ಕೆ ಎಲ್ಲ ಸರಿ ಅಂತಲೂ ಅಲ್ಲ, ಬಾಸ್ಟನ್ ಅಂಗಡಿಗಳಲ್ಲಿ ಸಿಕ್ಕ ನಮ್ಮ ಕಡೆಯ 70 ಆಯುರ್ವೇದ ಮಾಲು ಪರೀಕ್ಷೆ ಮಾಡ್ದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು, ಅದು 2004ರ ಮಾತು.

ನಮ್ಮ ಜಿಲ್ಲೆಯಲ್ಲಿ ಇದು ಸ್ವಲ್ಪ ಜಾಸ್ತಿನೇ ಮುಖ್ಯ. ದೊಡ್ಡ ಆಸ್ಪತ್ರೆ ಬೇಕು ಅಂತ ಎಷ್ಟು ಕೂಗಿದ್ರೂ ಎದೆ ನೋವು ಬಂದ್ರೆ ಈಗ್ಲೂ ಶಿರಸಿಯಿಂದ ಹುಬ್ಬಳ್ಳಿ, ಹೊನ್ನಾವರ-ಭಟ್ಕಳದಿಂದ ಮಣಿಪಾಲ-ಮಂಗಳೂರು, ಕಾರವಾರದಿಂದ ಗೋವಾ ಅಂತ ಓಡೂದೇ. ಮಳೆಗಾಲದಲ್ಲಿ ಘಟ್ಟ ಕುಸಿದ್ರೆ ಅದೂ ಇಲ್ಲ. ಸ್ಟೆಂಟ್ ಹಾಕಿದ ಡಾಕ್ಟ್ರು ಅಷ್ಟು ದೂರ, ಪುಡಿ ಅಂಗಡಿ ಬಸ್ ಇಳಿದ ಕೂಡ್ಲೇ. ಪುಡಿ ಶುರು ಮಾಡಿದ ಖುಷಿಗೆ ಕ್ಲೋಪಿಡೋಗ್ರೆಲ್ ಬಿಟ್ಟೋರನ್ನೂ ನೋಡಿದ್ದೇನೆ, ಅದು ಪುಡಿ ಕುಡಿಯೂದಕ್ಕಿಂತ ಅಪಾಯ, ಸ್ಟೆಂಟಲ್ಲೇ ರಕ್ತ ಹೆಪ್ಪುಗಟ್ಬೋದು. ಪುಡಿ ನಿಲ್ಸಿ ಅಂದ್ರೆ ಮಾತ್ರೆ ನಿಲ್ಸಿ ಅಂತ ಅಲ್ಲ, ಮಾತ್ರೆ ನಿಮ್ಮಷ್ಟಕ್ಕೆ ಎಂದಿಗೂ ಬಿಡ್ಬೇಡಿ.

ಮನೇಲಿ ಈಗ ಅಪ್ಪಯ್ಯನ ಮಾತ್ರೆ ಡಬ್ಬಿ ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿದ್ದೇವೆ, ಮಾತ್ರೆ ಹೆಸರು ಮೇಲೆ, ಕೆಳಗೆ ಕಷಾಯ, ಇಸಬಗೋಲ್, ಆಯಿ ಕೊಡೋ ಅಮೃತಬಳ್ಳಿ ರಸ ಎಲ್ಲವೂ. ಡಾಕ್ಟ್ರ ಹತ್ರ ಡಬ್ಬಿನೇ ತಗೊಂಡು ಹೋಗೂದು. ಅಮೃತಬಳ್ಳಿ ನೋಡಿ ಡಾಕ್ಟ್ರು ಲಿವರ್ ಟೆಸ್ಟ್ ಒಂದು ಬರ್ದ್ರು, ಆಯಿಗೆ ಅವಮಾನ ಆಯ್ತು.

ಯಾರಿಗಾದ್ರೂ ಮಾತ್ರೆ ಅಥವಾ ಪುಡಿಯಿಂದ ತೊಂದ್ರೆ ಆಗಿದೆ ಅನ್ಸಿದ್ರೆ ಔಷಧಿಯ ಅಡ್ಡಪರಿಣಾಮದ ದೂರು ತಗೊಳ್ಳೋ ಫಾರ್ಮಕೋವಿಜಿಲೆನ್ಸ್‌ನ ಟೋಲ್‌ಫ್ರೀ ನಂಬರ್ 1800-180-3024, ಪ್ಯಾಕೆಟ್ ಬಿಸಾಕ್ದೆ ಇಟ್ಕೊಂಡಿರಿ.

ಒಟ್ಟು ಮಾರ್ಕು: ಹಾರ್ಟ್ ಪುಡಿ, ರುಚಿಗೆ ನಾಲ್ಕು, ಚೀಟಿಗೆ ಸೊನ್ನೆ, ಹಾರ್ಟ್ ಮಾತ್ರೆ ತಗೊಳ್ಳೋರ ಮನೆಗೆ ತರೂದೇ ಬೇಡ. ಬಾಟ್ಲಿ, ಎರಡು, ರಕ್ತ ತೆಳು ಮಾಡೋ ಮಾತ್ರೆ ಇದ್ರೆ ಅದೂ ಸೊನ್ನೆ. ಅಂಗಡಿಯವ್ರಿಗೆ ಹೋಗಿ ಲೇಬಲ್ ಹಾಕಿ ಅಂತ ನಾನೇ ಹೇಳಿ ಬಂದೆ, "ನೋಡ್ವ ತಮಾ" ಅಂದಿದ್ದಾರೆ, ಮೊನ್ನೆ ನೋಡಿದ್ರೆ ಹೊಸ ಪ್ಯಾಕೆಟಲ್ಲೂ ಅದೇ ಬಾಣದ ಹಾರ್ಟು. ಕಷಾಯದ ಪುಡಿಗೆ ಮಾತ್ರ ಐದು ಸ್ಟಾರ್, ಮುರುಗಲು ಸಿಪ್ಪೆನೂ ತಗೊಳ್ಳಿ, ಗೂಗಲ್ ಪೇ ನಡೀತದೆ, ಮಧ್ಯಾಹ್ನ ಊಟಕ್ಕೆ ಬಾಗಿಲು ಹಾಕ್ತಾರೆ, ಒಂದು ಗಂಟೆ ಒಳಗೆ ಹೋಗಿ.